ತಲಪರಿಗೆಯ ನೀರು



ಹುಲಿಕುಂಟೆ ಎಂಬ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಹುಲಿ ಎಂದೋ ಹೋಯಿತು, ಕುಂಟೆ ಇನ್ನೂ ಹೆಸರಿನಲ್ಲಿದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಸೀಮೆಯಲ್ಲಿ ಕುಂಟೆ, ಕಟ್ಟೆ, ಕೆರೆ ಅಂತ ಮುಗಿಯುವ ಊರುಗಳು ಎಷ್ಟಿಲ್ಲ! ಮಳೆ ಕಡಿಮೆಯಾದ ನಾಡಿನ ಜನ ನೀರನ್ನು ಮರೆಯುವುದು ಹೇಗೆ? ಇವತ್ತು ಹೇಳಹೊರಟಿರುವುದು ಈ ಸೀಮೆಯದೇ ಆದ ತಲಪರಿಗೆಯ ವಿಚಾರ.

ಹಿರಿಯರಿಗೆ ಇದನ್ನು ವಿವರಿಸಬೇಕಾದ್ದಿಲ್ಲ, ಮಕ್ಕಳಿಗಾಗಿ ಹೇಳುತ್ತೇನೆ. ಬಿದ್ದ ಮಳೆ ಮರಳು, ಗರಸಿನಲ್ಲಿ ಇಂಗುತ್ತದೆ. ಕೆಳಗೆ ಗಟ್ಟಿಬಂಡೆ ತಡೆದಾಗ, ತಗ್ಗು ಕಂಡ ಕಡೆ ಊಟೆಯಾಗಿ ಹೊರಬರುತ್ತದೆ. ಅಂಥ ಕಡೆ, ಎಷ್ಟೋ ಸಲ ಕೆರೆಯಂಗಳದಲ್ಲೇ, ಕೆಲವು ಅಡಿ ಅಗೆದು, ಕಿರಿದಾದ ಕಾಲುವೆ ತೋಡಿ ಗದ್ದೆಗೆ ಬಿಟ್ಟುಕೊಂಡರು. ಏತ ಬೇಡ, ಕಪಿಲೆ ಬೇಡ, ನೀರು ತಾನೇ ನಡೆದು ಬರುತ್ತಿತ್ತು. ಕೆರೆ ಒಣಗಿದ ಬೇಸಗೆಯಲ್ಲೂ ದನಕರುಗಳಿಗೆ ಒಂದು ಗುಟುಕು ಸಿಕ್ಕುತ್ತಿತ್ತು.

1897ರಲ್ಲಿ ಹೊರಬಂದ ಮೈಸೂರು ಗೆಜೆಟಿಯರಿನಲ್ಲಿ ಬಿ. ಎಲ್. ರೈಸ್ ಅವರು ಇದನ್ನು ಬರೆದಿಟ್ಟಿದ್ದಾರೆ. ಕೊರಟಗೆರೆಯಿಂದ ಹಿರಿಯೂರು, ಮೊಳಕಾಲ್ಮೂರಿನವರೆಗೆ ಗೆರೆ ಎಳೆದರೆ ಅದರ ಮೂಡಲಕ್ಕೆಲ್ಲ ತಲಪರಿಗೆಗಳಿದ್ದವಂತೆ. ತೆಂಕಣ ಭಾಗದಲ್ಲಿ ನೀರು ಮೇಲೆಯೇ ಸಿಕ್ಕುತ್ತದೆ, ಬಡಗಣಕ್ಕೆ ಹೋದಂತೆ ಕಡಿಮೆ, ಪಾವಗಡದಲ್ಲಿ ಮೆದುಗಲ್ಲನ್ನು ಕಡಿದರೇ ನೀರು ಅನ್ನುತ್ತಾರೆ. ನೋಡಿ, ಕಲ್ಲು ಕಡಿಯುವುದು ಒಬ್ಬನ ಕೈಲಾಗುವ ಮಾತೇ?

ಅದಕ್ಕೇ ಊರು ಸೇರುತ್ತಿತ್ತು. ಗಂಗಮ್ಮನಿಗೆ ಪೂಜೆ ಮಾಡಿ, ಮನೆಗೊಂದಾಳಿನಂತೆ ಗುದ್ದಲಿ, ಮಂಕರಿ ಹಿಡಿದು ಹೂಳು, ಜೊಂಡು ತೆಗೆಯುವುದು. ಬಾರದವನಿಗೆ ದಂಡ. ಸರದಿಯ ಪ್ರಕಾರ ನೀರು ಬಿಡಲು ನೀರುಗಂಟಿ, ಅವನಿಗೆ ಕಣದಲ್ಲಿ ಕಾಳು. ಹಾಗಂತ ಅದು ಧರ್ಮರಾಯನ ಕಾಲವೇನೂ ಅಲ್ಲ. ತರಿ ಜಮೀನು ಇದ್ದವರಿಗೆ ನೀರು, ಇಲ್ಲದವರಿಗೆ ಬರೀ ಗುದ್ದಲಿ ಎನ್ನುವುದೂ ಇತ್ತು. ಅದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ.

ಕೆಟ್ಟದ್ದು ಹೇಗೆ? 1970ರ ಆಚೆಗೆ ಕರೆಂಟು ಪಂಪು, ಕೊಳವೆಬಾವಿ ಹಬ್ಬಿದವು. ಬಾವಿ ಸಿಕ್ಕವನು ಮುಂದಿನ ವರ್ಷ ಹೂಳೆತ್ತಲು ಬರಲಿಲ್ಲ, "ನನಗ್ಯಾಕೆ?" ಅಂದ. ಅವನನ್ನು ನೋಡಿ ಮತ್ತೊಬ್ಬ. ಕಾಲುವೆಯ ಮೇಲೆ ಜಾಲಿ ಬೆಳೆಯಿತು. ಕೆಲವು ಅಡಿಯಲ್ಲಿದ್ದ ನೀರು ನೂರಾರು ಅಡಿಗೆ ಇಳಿಯಿತು, ಸಾಲ ಮಾತ್ರ ಮೇಲೇರಿತು. ಪಾವಗಡ, ಶಿರಾದ ಎಷ್ಟೋ ಊರುಗಳಲ್ಲಿ ಆಳದ ನೀರಿಗೆ ಫ್ಲೋರೈಡು ಸೇರಿ, ಮಕ್ಕಳ ಹಲ್ಲು ಕಂದಿದ್ದನ್ನು ನೀವೇ ಕಂಡಿದ್ದೀರಿ.

ಈಚಿನ ವರ್ಷಗಳಲ್ಲಿ ಮಲ್ಲಿಕಾರ್ಜುನ ಹೊಸಪಾಳ್ಯ ಅವರಂಥವರು ಊರೂರು ಸುತ್ತಿ ತಲಪರಿಗೆಗಳನ್ನು ಗುರುತಿಸಿ ಬರೆದರು. ಉದ್ಯೋಗ ಖಾತ್ರಿಯ ಕೂಲಿಯಲ್ಲಿ ಕೆಲವನ್ನು ಅಗೆಸಿದ್ದೂ ಉಂಟು. ಆದರೆ ಒಂದು ಮಾತು ಕೇಳಿ. ಬರೀ ಗುಂಡಿ ಅಗೆದರೆ ಊಟೆ ಬರುವುದಿಲ್ಲ. ಮೇಲಿನ ಬೋರೆಯಲ್ಲಿ ಮಳೆ ಇಂಗಬೇಕು, ಬದು ನಿಲ್ಲಬೇಕು, ಕೆರೆಯ ಮರಳನ್ನು ಲಾರಿಗೆ ತುಂಬುವುದು ನಿಲ್ಲಬೇಕು, ಊಟೆಯ ಮಗ್ಗುಲಲ್ಲೇ ಪಂಪು ಕುಡಿಯುತ್ತಿರಬಾರದು. ಒಂದೇ ಮುಂಗಾರಿಗೆ ಫಲ ಕಾಣದಿದ್ದರೆ ಎದೆಗುಂದಬೇಡಿ.

ಮೊದಲ ಕೆಲಸಕ್ಕೆ ದುಡ್ಡು ಬೇಡ. ನಿಮ್ಮೂರಿನ ಮುದುಕರನ್ನು, ಹಳೆಯ ನೀರುಗಂಟಿಯ ಮನೆಯವರನ್ನು ಕೆರೆಯಂಗಳಕ್ಕೆ ಕರೆದುಕೊಂಡು ಹೋಗಿ. ಊಟೆ ಎಲ್ಲಿತ್ತು, ಕಾಲುವೆ ಯಾರ ಹೊಲದ ಅಂಚಿನಲ್ಲಿ ಹಾದುಹೋಗಿತ್ತು ಅಂತ ಕೇಳಿ, ಅಲ್ಲಲ್ಲಿ ಒಂದೊಂದು ಕಲ್ಲು ನೆಡಿ. ಅವರ ಕಣ್ಣು ಇನ್ನೂ ಚೆನ್ನಾಗಿ ಕಾಣುವಾಗಲೇ ಹೋಗಿಬನ್ನಿ.