ಬೆಳೆಯುವ ಸಿರಿಯೂ ೧೯೯ನೆಯ ಹೆಸರೂ

ಏಪ್ರಿಲ್ ತಿಂಗಳು ಬಂತೆಂದರೆ ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಫೋನಿನಲ್ಲಿ "ಮೇಷ್ಟ್ರೇ, ಈ ವಾರ ಇಲ್ಲಿ ಡ್ರಾಫ್ಟ್" ಎಂದು ಹೇಳುವುದುಂಟು. ಅಲ್ಲಿನ ವೃತ್ತಿಪರ ಫುಟ್‌ಬಾಲ್ ತಂಡಗಳು ಕಾಲೇಜಿನಿಂದ ಬರುವ ಹುಡುಗರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುವ ಕಾರ್ಯಕ್ರಮ ಅದು. ಯಾರು ಮೊದಲು ಆಯ್ಕೆಯಾಗುತ್ತಾನೆ, ಯಾರು ಮುಂದೆ ದೊಡ್ಡ ಆಟಗಾರನಾಗುತ್ತಾನೆ ಎಂದು ತಿಂಗಳುಗಟ್ಟಲೆ ಭವಿಷ್ಯ ನುಡಿಯುವ ಪಂಡಿತರ ವರ್ಗವೇ ಅಲ್ಲಿದೆ. ಆ ಆಟದ ಬಗ್ಗೆ ನನ್ನ ತಿಳಿವಳಿಕೆ ಓದಿ, ಕೇಳಿ ಬಂದದ್ದು. ಆದರೆ ಇಪ್ಪತ್ತೆರಡು ವರ್ಷದ ಹುಡುಗನನ್ನು ನೋಡಿ "ಇವನು ಮುಂದೆ ಏನಾಗುತ್ತಾನೆ" ಎಂದು ಹೇಳುವ ಕೆಲಸ ಉಪಾಧ್ಯಾಯನಾದವನಿಗೆ ಅಪರಿಚಿತವಲ್ಲ. "ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂಬ ಗಾದೆಯನ್ನು ನಿಮ್ಮಲ್ಲಿ ಬಹುಮಂದಿ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದವರೇ. ಆ ಗಾದೆ ಎಷ್ಟರಮಟ್ಟಿಗೆ ನಿಜವೆಂದು ಒರೆಹಚ್ಚಲು ಈ ಡ್ರಾಫ್ಟಿನ ಇತಿಹಾಸದಷ್ಟು ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಏಕೆಂದರೆ ಅಲ್ಲಿ ಭವಿಷ್ಯವನ್ನೂ ಬರೆದಿಡುತ್ತಾರೆ, ಫಲಿತಾಂಶವನ್ನೂ ಬರೆದಿಡುತ್ತಾರೆ.

ಆಟವನ್ನು ನೋಡದವರಿಗಾಗಿ ಎರಡು ಮಾತು. ಹೆಸರು ಫುಟ್‌ಬಾಲ್ ಆದರೂ ಇದು ಬಹುಮಟ್ಟಿಗೆ ಕೈಯಲ್ಲಿ ಆಡುವ ಆಟ. ಮೊಟ್ಟೆಯಾಕಾರದ ಚೆಂಡನ್ನು ಎದುರಾಳಿಯ ಅಂಕಣದೊಳಗೆ ಮುಂದೊತ್ತಿ ಒಯ್ಯಬೇಕು. ಪ್ರತಿ ಸಲ ಆಟ ಆರಂಭವಾದಾಗ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನ ಕೈಗೆ. ಅದನ್ನು ಯಾರಿಗೆ ಎಸೆಯಬೇಕು, ಯಾರಿಗೆ ಕೊಡಬೇಕು ಎಂಬುದನ್ನು ಆತ ಎರಡು ಮೂರು ಕ್ಷಣಗಳಲ್ಲಿ ನಿರ್ಧರಿಸಬೇಕು; ಅಷ್ಟರಲ್ಲಿ ದೈತ್ಯಾಕಾರದ ಎದುರಾಳಿಗಳು ಅವನನ್ನು ಕೆಡವಲು ನುಗ್ಗಿ ಬರುತ್ತಿರುತ್ತಾರೆ. ತಂಡದ ಸೋಲು ಗೆಲುವು ಬಹಳಮಟ್ಟಿಗೆ ಅವನನ್ನೇ ಅವಲಂಬಿಸಿರುವುದರಿಂದ ಭವಿಷ್ಯವಾಣಿಗಳೆಲ್ಲ ಅವನ ಸುತ್ತಲೇ ಹೆಚ್ಚು.

ಡ್ರಾಫ್ಟ್ ಪದ್ಧತಿಯನ್ನು ೧೯೩೫ರಲ್ಲಿ ಸೂಚಿಸಿದವರು ಫಿಲಡೆಲ್ಫಿಯಾ ಈಗಲ್ಸ್ ತಂಡದ ಒಡೆಯ ಬರ್ಟ್ ಬೆಲ್. ಹಣವಂತ ತಂಡಗಳೇ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳುತ್ತಿದ್ದ ಕಾಲ ಅದು. ಹಿಂದಿನ ವರ್ಷ ಕಡೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಆಯ್ಕೆ ಸಿಗಲಿ ಎಂಬುದು ಅವರ ಸೂತ್ರ. ನಮ್ಮ ಐಪಿಎಲ್ ಹರಾಜಿನಂತೆ ಇಲ್ಲಿ ಕೂಗುವ ಬೆಲೆಯಿಲ್ಲ, ಸರದಿ ಮಾತ್ರ ಇದೆ. ೧೯೩೬ರ ಫೆಬ್ರವರಿಯಲ್ಲಿ ನಡೆದ ಮೊಟ್ಟಮೊದಲ ಡ್ರಾಫ್ಟಿನಲ್ಲಿ ಮೊಟ್ಟಮೊದಲು ಆಯ್ಕೆಯಾದವನು ಶಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವ್ಯಾಂಗರ್. ಆತ ವೃತ್ತಿಪರ ಫುಟ್‌ಬಾಲಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ! ೧೯೮೦ರಿಂದ ಈ ಕಾರ್ಯಕ್ರಮ ದೂರದರ್ಶನದಲ್ಲಿ ನೇರವಾಗಿ ಪ್ರಸಾರವಾಗತೊಡಗಿತು. ಭವಿಷ್ಯ ನುಡಿಯುವುದು ಒಂದು ಉದ್ಯೋಗವಾಗಿ ಬೆಳೆಯಿತು.

೧೯೯೮ರಲ್ಲಿ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ಎಲ್ಲರ ಬಾಯಲ್ಲಿತ್ತು: ಟೆನೆಸ್ಸೀಯ ಪೇಟನ್ ಮ್ಯಾನಿಂಗ್ ಮತ್ತು ವಾಷಿಂಗ್ಟನ್ ಸ್ಟೇಟ್‌ನ ರಯಾನ್ ಲೀಫ್. ಯಾರು ಮೇಲೆಂಬುದರಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿತ್ತು. ಇಬ್ಬರೂ ದೊಡ್ಡವರಾಗುತ್ತಾರೆಂಬುದರಲ್ಲಿ ಹೆಚ್ಚಿನವರಿಗೆ ಸಂಶಯವಿರಲಿಲ್ಲ. ಮ್ಯಾನಿಂಗ್ ಮೊದಲನೆಯವನಾಗಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ತಂಡವನ್ನೂ ಲೀಫ್ ಎರಡನೆಯವನಾಗಿ ಸ್ಯಾನ್ ಡಿಯಾಗೋ ಚಾರ್ಜರ್ಸ್ ತಂಡವನ್ನೂ ಸೇರಿದರು. ಮ್ಯಾನಿಂಗ್ ಐದು ಬಾರಿ ವರ್ಷದ ಅತ್ಯುತ್ತಮ ಆಟಗಾರನೆನಿಸಿ, ಎರಡು ಬಾರಿ ಸೂಪರ್ ಬೌಲ್ ಗೆದ್ದ. ಲೀಫ್ ತನ್ನ ಮೂರನೆಯ ಪಂದ್ಯದಲ್ಲಿ ಎಸೆದ ಹದಿನೈದು ಎಸೆತಗಳಲ್ಲಿ ಗುರಿ ಮುಟ್ಟಿದ್ದು ಒಂದೇ. ಒಟ್ಟು ೨೫ ಪಂದ್ಯಗಳಿಗೆ ಆತನ ಆಟ ಮುಗಿಯಿತು. ಎತ್ತರ, ತೂಕ, ತೋಳಿನ ಬಲ ಎಲ್ಲವನ್ನೂ ಅಳೆದ ಮೇಲೂ ಇಷ್ಟು ಅಂತರ.

ಇನ್ನು ಮುಖ್ಯ ಕಥೆಗೆ ಬರುತ್ತೇನೆ. ೨೦೦೦ದ ಏಪ್ರಿಲ್ ೧೫ ಮತ್ತು ೧೬ರಂದು ನ್ಯೂಯಾರ್ಕಿನಲ್ಲಿ ಡ್ರಾಫ್ಟ್ ನಡೆಯಿತು. ಮಿಷಿಗನ್ ವಿಶ್ವವಿದ್ಯಾಲಯದ ಟಾಮ್ ಬ್ರೇಡಿ ಎಂಬ ಹುಡುಗನ ಬಗ್ಗೆ ಪರೀಕ್ಷಕರು ಬರೆದ ಷರಾಗಳ ಸಾರಾಂಶ ಇಷ್ಟು: ಮೈಕಟ್ಟು ಸಾಲದು, ಬಡಕಲು, ಓಟ ನಿಧಾನ, ನುಗ್ಗಿ ಬರುವವರಿಂದ ತಪ್ಪಿಸಿಕೊಳ್ಳಲಾರ, ತೋಳಿನಲ್ಲಿ ಅಂಥ ಬಲವಿಲ್ಲ. ನಲವತ್ತು ಗಜದ ಓಟಕ್ಕೆ ಆತ ತೆಗೆದುಕೊಂಡದ್ದು ೫.೨೮ ಸೆಕೆಂಡು. ಮೊದಲ ಸುತ್ತಿನಲ್ಲಿ ಚ್ಯಾಡ್ ಪೆನಿಂಗ್ಟನ್, ಮೂರನೆಯದರಲ್ಲಿ ಜಿಯೊವಾನಿ ಕಾರ್ಮಾಜಿ ಮತ್ತು ಕ್ರಿಸ್ ರೆಡ್ಮನ್, ಆಮೇಲೆ ಟೀ ಮಾರ್ಟಿನ್, ಮಾರ್ಕ್ ಬಲ್ಜರ್, ಸ್ಪರ್ಗನ್ ವಿನ್ — ಹೀಗೆ ಆರು ಮಂದಿ ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ಅವನಿಗಿಂತ ಮುಂಚೆ ಕರೆಯಲ್ಪಟ್ಟವು. ಆರನೆಯ ಸುತ್ತಿನಲ್ಲಿ, ೧೯೯ನೆಯ ಹೆಸರಾಗಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಅವನನ್ನು ಆರಿಸಿತು. ಬ್ರೇಡಿ ಹುಟ್ಟಿ ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಸ್ಯಾನ್ ಮಟೇಯೊದಲ್ಲಿ. ಬಾಲ್ಯದಿಂದ ಆ ಊರಿನ ಫಾರ್ಟಿನೈನರ್ಸ್ ತಂಡದ ಅಭಿಮಾನಿ. ಆ ತಂಡ ಅವನನ್ನು ಬಿಟ್ಟು ಕಾರ್ಮಾಜಿಯನ್ನು ಆರಿಸಿತ್ತು. ಕಾರ್ಮಾಜಿ ಲೀಗಿನ ಒಂದು ಪಂದ್ಯದಲ್ಲೂ ಅಂಕಣಕ್ಕೆ ಇಳಿಯಲಿಲ್ಲ. ಬ್ರೇಡಿ ೨೩ ವರ್ಷ ಆಡಿ, ಏಳು ಸೂಪರ್ ಬೌಲ್ ಗೆದ್ದ. ಕಡೆಯದನ್ನು ೨೦೨೧ರಲ್ಲಿ, ತನ್ನ ೪೩ನೆಯ ವಯಸ್ಸಿನಲ್ಲಿ. ೨೦೨೩ರಲ್ಲಿ ಆತ ಕಡೆಯದಾಗಿ ನಿವೃತ್ತನಾದಾಗ ಯಾವ ಒಂದು ತಂಡವೂ ತನ್ನ ಇಡೀ ಇತಿಹಾಸದಲ್ಲಿ ಅಷ್ಟು ಸಲ ಗೆದ್ದಿರಲಿಲ್ಲ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಪಂಡಿತರನ್ನು ನೋಡಿ ನಗುತ್ತಾರೆ. ನನಗೆ ಆ ನಗೆ ನ್ಯಾಯವೆನಿಸುವುದಿಲ್ಲ. ಆ ವರದಿಯಲ್ಲಿ ಬರೆದದ್ದು ಸುಳ್ಳೇನಲ್ಲ. ಹುಡುಗ ನಿಜವಾಗಿಯೂ ನಿಧಾನಗತಿಯವನೇ. ಕಡೆಯ ತನಕ ಹಾಗೆಯೇ ಉಳಿದ. ಕೊರತೆಯಿದ್ದದ್ದು ವರದಿಯ ನಮೂನೆಯಲ್ಲಿ. ಗಡಿಯಾರ ಹಿಡಿದು ಅಳೆಯಬಹುದಾದ ಗುಣಗಳಿಗೆ ಕಾಲಂ ಇತ್ತು, ಅಳೆಯಲಾಗದವಕ್ಕೆ ಇರಲಿಲ್ಲ. ಮಿಷಿಗನ್ನಿನ ಕಡೆಯ ವರ್ಷದಲ್ಲೂ ಬ್ರೇಡಿ ತನ್ನ ಸ್ಥಾನವನ್ನು ಡ್ರೂ ಹೆನ್ಸನ್ ಎಂಬ ಕಿರಿಯನೊಂದಿಗೆ ಹಂಚಿಕೊಂಡು, ಹೋರಾಡಿ ಉಳಿಸಿಕೊಂಡಿದ್ದ. ೨೦೦೦ದ ಜನವರಿ ೧ರಂದು ನಡೆದ ಆರೆಂಜ್ ಬೌಲ್ ಪಂದ್ಯದಲ್ಲಿ ಅಲಬಾಮಾ ತಂಡದೆದುರು ಎರಡು ಸಲ ೧೪ ಅಂಕ ಹಿಂದೆ ಬಿದ್ದು, ೩೫–೩೪ರಿಂದ ಗೆದ್ದು ಬಂದಿದ್ದ. ಇದೆಲ್ಲ ಗುಟ್ಟಾಗಿರಲಿಲ್ಲ. ನೋಡಿದವರು ಬಹಳ, ಅದನ್ನು ಗುಣವೆಂದು ಎಣಿಸಿದವರು ಕಡಿಮೆ.

ಹಾಗಾದರೆ ಪೇಟ್ರಿಯಟ್ಸ್ ತಂಡದವರು ತ್ರಿಕಾಲಜ್ಞಾನಿಗಳೇ? ಅದೂ ಅಲ್ಲ. ಬ್ರೇಡಿಗಿಂತ ಮುಂಚೆ ಅವರೇ ಆರು ಮಂದಿ ಬೇರೆ ಆಟಗಾರರನ್ನು ಆರಿಸಿದ್ದರು. ಏಳು ವಜ್ರಗಳನ್ನು ಗೆಲ್ಲುವವನೆಂದು ತಿಳಿದಿದ್ದರೆ ಯಾರು ತಾನೆ ಅಷ್ಟು ಹೊತ್ತು ಕಾಯುತ್ತಾರೆ? ಆದರೂ ಆ ತಂಡದಲ್ಲಿ ಒಬ್ಬರು ಸರಿಯಾಗಿ ನೋಡಿದ್ದರು. ಕ್ವಾರ್ಟರ್‌ಬ್ಯಾಕ್‌ಗಳ ತರಬೇತುದಾರ ಡಿಕ್ ರೆಹ್ಬೈನ್ ಅವರನ್ನು ಮುಖ್ಯ ತರಬೇತುದಾರ ಬಿಲ್ ಬೆಲಿಚಿಕ್ ಇಬ್ಬರು ಹುಡುಗರನ್ನು ನೋಡಿ ಬರಲು ಕಳಿಸಿದ್ದರು. ಅವರು ಬ್ರೇಡಿಯನ್ನು ಮೆಚ್ಚಿ, ಅವನೇ ಆಗಬೇಕೆಂದು ಒತ್ತಿ ಹೇಳಿದರು. ಮೊದಲ ವರ್ಷ ಬ್ರೇಡಿ ಒಂದೇ ಪಂದ್ಯದಲ್ಲಿ ಕಾಣಿಸಿಕೊಂಡು, ಮೂರು ಸಲ ಚೆಂಡೆಸೆದ. ೨೦೦೧ರ ಆಗಸ್ಟ್ ೬ರಂದು, ತಮ್ಮ ೪೫ನೆಯ ವಯಸ್ಸಿನಲ್ಲಿ, ರೆಹ್ಬೈನ್ ಹೃದಯದ ಕಾಯಿಲೆಯಿಂದ ತೀರಿಕೊಂಡರು. ತಾವು ಮೆಚ್ಚಿದ ಹುಡುಗ ಲೀಗ್ ಪಂದ್ಯವೊಂದನ್ನು ಮೊದಲಿನಿಂದ ಆಡುವುದನ್ನು ಅವರು ಕಾಣಲೇ ಇಲ್ಲ.

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ. ರೆಹ್ಬೈನ್ ಅಷ್ಟು ಮೆಚ್ಚಿದ್ದರೂ ಬ್ರೇಡಿಗೆ ಅವಕಾಶ ಸಿಕ್ಕಿದ್ದು ಯಾರೋ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡದ್ದರಿಂದ ಅಲ್ಲ. ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೋ ೧೯೯೩ರ ಡ್ರಾಫ್ಟಿನ ಪ್ರಥಮ ಆಯ್ಕೆ. ೨೦೦೧ರ ಮಾರ್ಚಿನಲ್ಲಷ್ಟೇ ಹತ್ತು ವರ್ಷಗಳಿಗೆ ೧೦೩ ಮಿಲಿಯನ್ ಡಾಲರಿನ ಒಪ್ಪಂದವಾಗಿತ್ತು. ಸೆಪ್ಟೆಂಬರ್ ೨೩ರಂದು ಎದುರಾಳಿಯ ಹೊಡೆತಕ್ಕೆ ಸಿಕ್ಕಿ ಬ್ಲೆಡ್ಸೋ ತೀವ್ರವಾಗಿ ಗಾಯಗೊಂಡ. ಒಂದು ವಾರದ ನಂತರ ಬ್ರೇಡಿ ಮೊದಲಿನಿಂದ ಆಡಿದ ಮೊದಲ ಪಂದ್ಯ, ಅದೇ ಮ್ಯಾನಿಂಗ್‌ನ ಕೋಲ್ಟ್ಸ್ ತಂಡದೆದುರು. ಪೇಟ್ರಿಯಟ್ಸ್ ೪೪–೧೩ರಿಂದ ಗೆದ್ದರು. ೨೦೦೨ರ ಫೆಬ್ರವರಿ ೩ರಂದು ಸೂಪರ್ ಬೌಲ್ ಕೂಡ ಅವರ ಪಾಲಾಯಿತು.

ಆ ದಿನ ಎದುರು ತಂಡವಾದ ಸೇಂಟ್ ಲೂಯಿಸ್ ರ್‍ಯಾಮ್ಸ್‌ನ ಕ್ವಾರ್ಟರ್‌ಬ್ಯಾಕ್ ಕರ್ಟ್ ವಾರ್ನರ್. ಈತನನ್ನು ೧೯೯೪ರ ಡ್ರಾಫ್ಟಿನಲ್ಲಿ ಯಾರೂ ಆರಿಸಿಯೇ ಇರಲಿಲ್ಲ. ಅಯೋವಾ ರಾಜ್ಯದ ದಿನಸಿ ಅಂಗಡಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ಸಾಮಾನು ಜೋಡಿಸುತ್ತಿದ್ದವನು. ೧೯೯೯ರಲ್ಲಿ ಟ್ರೆಂಟ್ ಗ್ರೀನ್ ಗಾಯಗೊಂಡದ್ದರಿಂದ ಅವನ ಸರದಿ ಬಂತು. ಅದೇ ವರ್ಷ ಅತ್ಯುತ್ತಮ ಆಟಗಾರನೆನಿಸಿದ. ಇನ್ನೂ ಹಿಂದೆ ಹೋದರೆ ಜಾನಿ ಯುನೈಟಸ್. ೧೯೫೫ರಲ್ಲಿ ಒಂಬತ್ತನೆಯ ಸುತ್ತಿನಲ್ಲಿ ಆರಿಸಿದ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಒಂದು ಪಂದ್ಯವನ್ನೂ ಆಡಿಸದೆ ಮನೆಗೆ ಕಳಿಸಿತು. ಪಂದ್ಯಕ್ಕೆ ಆರು ಡಾಲರಿನಂತೆ ಸಣ್ಣ ತಂಡದಲ್ಲಿ ಆಡಿ, ಮರುವರ್ಷ ಬಾಲ್ಟಿಮೋರ್ ಕೋಲ್ಟ್ಸ್ ಸೇರಿದ. ಅಲ್ಲಿ ಜಾರ್ಜ್ ಶಾ ಗಾಯಗೊಂಡಾಗ ಅವನಿಗೆ ಜಾಗ ಸಿಕ್ಕಿತು. ೧೯೫೮ರಲ್ಲಿ ತಂಡ ಚಾಂಪಿಯನ್ ಆಯಿತು. ಇತ್ತೀಚಿನ ಉದಾಹರಣೆ ಬೇಕಾದರೆ ಬ್ರಾಕ್ ಪರ್ಡಿ. ೨೦೨೨ರ ಡ್ರಾಫ್ಟಿನ ೨೬೨ನೆಯ, ಅಂದರೆ ಕಟ್ಟಕಡೆಯ ಹೆಸರು. ಮುಂದಿದ್ದ ಇಬ್ಬರು ಒಬ್ಬರ ಹಿಂದೊಬ್ಬರು ಗಾಯಗೊಂಡ ಮೇಲೆ ಅಂಕಣಕ್ಕೆ ಇಳಿದು, ೨೦೨೪ರ ಫೆಬ್ರವರಿಯಲ್ಲಿ ಫಾರ್ಟಿನೈನರ್ಸ್ ತಂಡವನ್ನು ಸೂಪರ್ ಬೌಲಿನವರೆಗೆ ಒಯ್ದ.

ನಾಲ್ಕು ಕಥೆಗಳಲ್ಲೂ ಬಾಗಿಲು ತೆರೆದದ್ದು ಇನ್ನೊಬ್ಬನ ಗಾಯ. ಇದನ್ನು ಅದೃಷ್ಟವೆಂದು ಸುಮ್ಮನಾಗಬಹುದು. ಆದರೆ ಭವಿಷ್ಯವಾಣಿ ಕೆಲಸ ಮಾಡುವ ರೀತಿಯೇ ಇದು. ಅದು ಮುಂದಾಗುವುದನ್ನು ಹೇಳಿ ಪಕ್ಕಕ್ಕೆ ನಿಲ್ಲುವುದಿಲ್ಲ. ಯಾರಿಗೆ ಎಷ್ಟು ಅವಕಾಶ ಎಂಬುದನ್ನೂ ಹಂಚಿಬಿಡುತ್ತದೆ. ಚಾರ್ಜರ್ಸ್ ಕೈಬಿಟ್ಟ ಮೇಲೂ ಮೂರು ತಂಡಗಳು ಒಂದರ ಹಿಂದೊಂದು ಲೀಫ್‌ಗೆ ಕರೆ ಕೊಟ್ಟವು, ಏಕೆಂದರೆ ಒಂದು ಕಾಲಕ್ಕೆ ಆತ ಎರಡನೆಯ ಹೆಸರಾಗಿದ್ದ. ೧೯೯ನೆಯವನು ಮಾತ್ರ ಬೆಂಚಿನ ಮೇಲೆ ಕುಳಿತು ಕಾಯಬೇಕು. ಬ್ಲೆಡ್ಸೋ ಅಂದು ಗಾಯಗೊಳ್ಳದೆ ಹೋಗಿದ್ದರೆ, ಬ್ರೇಡಿಯ ಬಗ್ಗೆ ಬರೆದ ಷರಾ ಸರಿಯಾಗಿಯೇ ಇತ್ತೆಂದು ದಾಖಲೆಯಲ್ಲಿ ಉಳಿಯುತ್ತಿತ್ತೋ ಏನೋ. ಹಾಗೆ ಸರದಿಯೇ ಬಾರದೆ ಮನೆಗೆ ಹೋದವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ.

ಭವಿಷ್ಯ ನುಡಿಯುವುದೆಲ್ಲ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಮ್ಯಾನಿಂಗ್ ಮೊದಲನೆಯವನಾಗಿಯೇ ಬಂದು ಮೊದಲನೆಯವನಾಗಿಯೇ ಬಾಳಿದ. ೧೯೮೩ರ ಪ್ರಥಮ ಆಯ್ಕೆ ಜಾನ್ ಎಲ್ವೇ ಎರಡು ಸೂಪರ್ ಬೌಲ್ ಗೆದ್ದ, ೧೯೮೯ರ ಟ್ರಾಯ್ ಏಕ್‌ಮನ್ ಮೂರು ಗೆದ್ದ. ಕಡೆಯ ಸುತ್ತುಗಳಲ್ಲಿ ಬಂದವರಲ್ಲಿ ಹೆಚ್ಚಿನವರು ಹೆಸರಿಲ್ಲದೆ ಮರೆಯಾಗುತ್ತಾರೆ. ಗಾದೆ ಸುಳ್ಳಲ್ಲ. ಆದರೆ ಮೊಳಕೆಯನ್ನು ನೋಡುವವನ ಕೈಯಲ್ಲೇ ನೀರಿನ ಕೊಡವೂ ಇರುತ್ತದೆಂಬುದನ್ನು ಗಾದೆ ಹೇಳುವುದಿಲ್ಲ. ಸೊರಗಿದೆ ಎಂದು ನೀರು ಹಾಕದೆ ಬಿಟ್ಟು, ಒಣಗಿದ ಮೇಲೆ "ನಾನು ಹೇಳಲಿಲ್ಲವೇ" ಎನ್ನುವುದು ಸುಲಭ.

ನಿಮ್ಮಲ್ಲಿ ಹಲವರು ಈಗ ಉಪಾಧ್ಯಾಯರು, ಸಂದರ್ಶನ ಸಮಿತಿಗಳಲ್ಲಿ ಕೂರುವವರು, ನಾಲ್ಕು ಜನಕ್ಕೆ ಕೆಲಸ ಹಂಚುವವರು. ಹತ್ತನೆಯ ತರಗತಿಯ ಮಕ್ಕಳ ತಂದೆತಾಯಿಗಳಂತೂ ಬಹುಮಂದಿ. ಅಂಕಪಟ್ಟಿಯನ್ನು ನೋಡಬೇಡಿ ಎಂದು ಹೇಳಲು ನಾನು ಬಂದಿಲ್ಲ. ಜೀವಮಾನವೆಲ್ಲ ಅಂಕ ಹಾಕಿದವನು ನಾನು. ಅಂಕಪಟ್ಟಿ ಹುಡುಗ ಈವರೆಗೆ ಮಾಡಿದ್ದನ್ನು ಹೇಳುತ್ತದೆ. ಮುಂದೆ ಮಾಡಲಾರದ್ದನ್ನು ಅದು ಹೇಳುವುದಿಲ್ಲ. ಆದ್ದರಿಂದ ಹಿಂದಿನ ಬೆಂಚಿನವನಿಗೂ ವರ್ಷದಲ್ಲಿ ಒಂದೆರಡು ಸಲವಾದರೂ ಸರದಿ ಬರಲಿ. ಅದಕ್ಕಾಗಿ ಮುಂದಿನ ಬೆಂಚಿನವನು ಕಾಯಿಲೆ ಬೀಳುವವರೆಗೆ ಕಾಯುವುದು ಬೇಡ. ಸರದಿ ಕೊಟ್ಟ ಮೇಲೆ ಅವನೇನು ಮಾಡುತ್ತಾನೆಂಬುದನ್ನು ರೆಹ್ಬೈನ್ ಅವರಂತೆ ಕಣ್ಣಿಟ್ಟು ನೋಡಿ. ಅದರ ಫಲವನ್ನು ಕಾಣುವ ಭಾಗ್ಯ ನೋಡಿದವರಿಗೆ ಇರಲಿ, ಇಲ್ಲದಿರಲಿ, ಮಕ್ಕಳನ್ನು ಹಾಗೆ ನೋಡುವುದು ನಮ್ಮ ವೃತ್ತಿಯ ಧರ್ಮ.