ಸಂಘದ ಬಾಗಿಲು ಕಾದವರು: ರಾಯಚೂರು ಸೀಮೆಯ ಪತ್ತಿನ ಸಹಕಾರ ಮತ್ತು ಸದಸ್ಯತ್ವ

ರಾಯಚೂರು ಜಿಲ್ಲೆಯ ಗುಂಜಹಳ್ಳಿಯಂಥ ಊರುಗಳ ರೈತರಿಗೆ ಬೆಳೆಸಾಲ ಒದಗಿಸುವ ಕೃಷಿ ಪತ್ತಿನ ಸಹಕಾರ ಸಂಘಗಳು, ಅಂದರೆ ಸದಸ್ಯರೇ ಷೇರು ಹಣ ಕೂಡಿಸಿ ತಮ್ಮೊಳಗೇ ಸಾಲ ಕೊಟ್ಟುಕೊಳ್ಳುವ ಸಂಸ್ಥೆಗಳು, ಯಾರನ್ನು ಒಳಗೆ ಸೇರಿಸಿಕೊಳ್ಳಬೇಕೆಂಬ ಪ್ರಶ್ನೆಯನ್ನು ಹುಟ್ಟಿನಿಂದಲೂ ಎದುರಿಸುತ್ತ ಬಂದಿವೆ. ಬ್ರಿಟಿಷ್ ಇಂಡಿಯಾದ 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯು ಹದಿನೆಂಟು ವರ್ಷ ದಾಟಿದ ಕನಿಷ್ಠ ಹತ್ತು ಜನ ಸೇರಿ ಸಂಘ ಕಟ್ಟಬಹುದೆಂದು ಹೇಳಿ, ಅವರು ಒಂದೇ ಊರಿನವರೋ ಆಸುಪಾಸಿನ ಹಳ್ಳಿಗಳವರೋ ಆಗಿರಬೇಕು, ಇಲ್ಲವೇ ರಿಜಿಸ್ಟ್ರಾರರ ಒಪ್ಪಿಗೆಯಿಂದ ಒಂದೇ ಜಾತಿ ಅಥವಾ ವರ್ಗಕ್ಕೆ ಸೇರಿದವರಾಗಿರಬೇಕು ಎಂದು ವಿಧಿಸಿತ್ತು. ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ 1905ರಲ್ಲಿ ನೋಂದಣಿಯಾದ ಸಂಘವು ಈ ಕಾಯ್ದೆಯಡಿ ಮೂಡಿದ ಮೊದಲ ಸಂಘಗಳ ಸಾಲಿಗೆ ಸೇರಿದ್ದು.

ಇಷ್ಟು ಬಿಗಿಗೆ ಕಾರಣ ಅಪರಿಮಿತ ಹೊಣೆ. ಗ್ರಾಮೀಣ ಸಂಘ ತಾನು ತಂದ ಸಾಲವನ್ನು ತೀರಿಸಲಾಗದೆ ಹೋದರೆ ಕೊರತೆಯನ್ನು ತುಂಬಲು ಪ್ರತಿಯೊಬ್ಬ ಸದಸ್ಯನ ಆಸ್ತಿಯೂ ಗುರಿಯಾಗುತ್ತಿತ್ತು; ಆದ್ದರಿಂದ ಅರ್ಜಿದಾರನ ಹೊಲವೆಷ್ಟು, ಸಾಹುಕಾರನಲ್ಲಿ ಅವನ ಹಳೆಯ ಬಾಕಿಯೆಷ್ಟು, ಕೊಟ್ಟ ಮಾತಿಗೆ ನಿಲ್ಲುವವನೋ ಅಲ್ಲವೋ ಎಂಬುದನ್ನು ಬಲ್ಲ ನೆರೆಯವರೇ ಅವನ ಪ್ರವೇಶವನ್ನು ತೂಗಿ ನೋಡಬೇಕಿತ್ತು. ಜರ್ಮನಿಯ ರೈಫೈಸನ್ ರೂಪಿಸಿದ ಈ ಪರಸ್ಪರ ಪರಿಚಯದ ತತ್ತ್ವವನ್ನು ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1895 ಮತ್ತು 1897ರ ವರದಿಗಳಲ್ಲಿ ಭಾರತಕ್ಕೆ ಶಿಫಾರಸು ಮಾಡಿದ್ದರು. ಆದರೆ ಜಾತಿಯನ್ನೇ ಅರ್ಹತೆಯಾಗಿ ಒಪ್ಪಿದ ಕಾಯ್ದೆಯಲ್ಲಿ ಪರಿಚಯವೆಂಬ ಜರಡಿಯು ಸಾಲಗಾರನ ನಡತೆಯನ್ನಷ್ಟೇ ಶೋಧಿಸಿತೆನ್ನುವುದು ಕಷ್ಟ.

ರಾಯಚೂರು ಆಗ ನಿಜಾಮರ ಆಡಳಿತದಲ್ಲಿತ್ತು; ಬ್ರಿಟಿಷ್ ಇಂಡಿಯಾದ ಕಾಯ್ದೆ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಸಹಕಾರ ಚಳವಳಿ 1914ರ ಸುಮಾರಿಗೆ ಕಾನೂನಿನ ರೂಪ ಪಡೆದಾಗ ಸರ್ಕಾರದ ವ್ಯವಹಾರವೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ, ಕನ್ನಡ, ತೆಲುಗು ಮಾತಾಡುವ ರೈತನಿಗೆ ಬರಹ ಬಲ್ಲ ಮಧ್ಯವರ್ತಿಯ ಹಂಗು ತಪ್ಪುವಂತಿರಲಿಲ್ಲ.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ಬಂದ 1959ರ ಸಹಕಾರ ಸಂಘಗಳ ಕಾಯ್ದೆಯಡಿ ಸದಸ್ಯತ್ವದ ಅರ್ಹತೆ, ಅನರ್ಹತೆಗಳು ಕಾನೂನಿನ ಕಲಮುಗಳಾದವು, ಮತ್ತು ಮತದಾನವಾಗಲಿ ಲಾಭದ ಪಾಲಾಗಲಿ ಇಲ್ಲದ ನಾಮಮಾತ್ರ ಸದಸ್ಯ ಎಂಬ ಹೊರಜಗಲಿಯ ವರ್ಗಕ್ಕೂ ಅಲ್ಲಿ ಜಾಗ ಸಿಕ್ಕಿತು. ಹೊಣೆ ಷೇರಿನ ಮೊತ್ತಕ್ಕೆ ಸೀಮಿತವಾದಂತೆ ನೆರೆಯವರ ಸಾಕ್ಷಿಯ ಸ್ಥಾನಕ್ಕೆ ಪಹಣಿ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆ, ಬಂದಿತು. ಹೊಲದಲ್ಲಿ ದುಡಿದರೂ ಪಹಣಿಯಲ್ಲಿ ಹೆಸರಿಲ್ಲದ ಹೆಂಗಸರು ಮತ್ತು ಬೆಳೆಯ ಪಾಲಿಗೆ ಪರರ ಹೊಲ ಉಳುವ ಕೋರು ರೈತರು ಬೆಳೆಸಾಲದಿಂದ ಹೊರಗುಳಿಯಲು ಇದೂ ಒಂದು ಕಾರಣ. ಸಂಘಗಳ ಲೆಕ್ಕಪತ್ರಗಳನ್ನು ಗಣಕೀಕರಿಸಿ ಒಂದೇ ಜಾಲಕ್ಕೆ ಜೋಡಿಸುವ ಯೋಜನೆಗೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ಕೊಟ್ಟಿತು. ಈ ವ್ಯವಸ್ಥೆಯಲ್ಲಿ ಲಾಗಿನ್ ಇದ್ದವರಷ್ಟೇ ಸದಸ್ಯರ ಪಟ್ಟಿಯನ್ನು ತೆರೆಯಬಲ್ಲರಾದರೂ, ಹೊಸ ಹೆಸರೊಂದು ಆ ಪಟ್ಟಿಯನ್ನು ಸೇರಬೇಕಾದರೆ ಆಡಳಿತ ಮಂಡಳಿಯ ಠರಾವು ಆಗಲೇಬೇಕು.