ತುಳು ಅಚ್ಚಾಯಿತು, ಲಂಬಾಣಿ ಯಾವಾಗ?

ಕಮಲಾಪುರ ಸುತ್ತಲಿನ ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಶಾಲೆಯಲ್ಲಿ ಕನ್ನಡ. ಕಲಬುರಗಿಗೆ ಹೋದರೆ ಉರ್ದುವೂ ಕಿವಿಗೆ ಬೀಳುತ್ತದೆ. ಲಂಬಾಣಿಗೆ ಸ್ವಂತ ಲಿಪಿ ಇಲ್ಲ, ಬರೆಯೋದು ಹೇಗೆ ಅಂತ ಕೇಳುವವರಿದ್ದಾರೆ. ಇದಕ್ಕೆ ಉತ್ತರ ಮಂಗಳೂರಿನಲ್ಲಿದೆ.

1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು ಅಲ್ಲಿಗೆ ಬಂದರು. ಅವರಲ್ಲೊಬ್ಬರಾದ ಗ್ರೈನರ್ ತುಳು ಕಲಿತು ಬೈಬಲ್ ಅನುವಾದಕ್ಕೆ ಕೈಹಾಕಿದರು. 1841ರಲ್ಲಿ ಕಲ್ಲಚ್ಚಿನ ಪ್ರೆಸ್ ಶುರುವಾಯಿತು. 1842ರಲ್ಲಿ ಮತ್ತಾಯನ ಸುವಾರ್ತೆ, 1847ರಲ್ಲಿ ಇಡೀ ಹೊಸ ಒಡಂಬಡಿಕೆ ತುಳುವಿನಲ್ಲಿ ಬಂತು. ಬಳಸಿದ್ದು ಕನ್ನಡ ಅಕ್ಷರ. ಉದ್ದೇಶ ಮತಪ್ರಚಾರವೇ. ಆದರೆ ಅದೇ ಹಾದಿಯಲ್ಲಿ 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣ, 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟು ಬಂದವು. ಹೇಳಿಕೊಟ್ಟವರು ಊರಿನ ಜನರೇ.

ಈ ಪಾದ್ರಿಗಳ ಸಂಸಾರ ಸುಲಭವಿರಲಿಲ್ಲ. ಮದುವೆಗೆ ಬಾಸೆಲ್ ಕಮಿಟಿಯ ಒಪ್ಪಿಗೆ ಬೇಕಿತ್ತು. ಎಷ್ಟೋ ಮಂದಿ ವಧುಗಳು ಗಂಡನ ಮುಖವನ್ನೂ ಸರಿಯಾಗಿ ಅರಿಯದೆ ಹಡಗು ಹತ್ತಿದರು. ಶಾಲೆಯ ವಯಸ್ಸಿಗೆ ಬಂದ ಮಕ್ಕಳನ್ನು ಯುರೋಪಿಗೆ ಕಳಿಸಿದರೆ ಮತ್ತೆ ನೋಡಲು ವರ್ಷಗಳೇ ಬೇಕು. ಕನ್ನಡ ನಿಘಂಟಿನ ಕಿಟ್ಟೆಲ್ ಅವರ ಪತ್ನಿ ಪೌಲಿನ್ 1864ರಲ್ಲೇ ತೀರಿಕೊಂಡರು. ಆಮೇಲೆ ಅವರು ಆಕೆಯ ಸೋದರಿ ಜೂಲಿಯನ್ನು ಮದುವೆಯಾದರು. ನಿಘಂಟು ಹೊರಬಂದದ್ದು 1894ರಲ್ಲಿ. ಬೇರೆಯವರ ತಾಯಿನುಡಿ ಬರೆದಿಟ್ಟವರ ಸ್ವಂತ ಮಕ್ಕಳು ತಾಯಿಯಿಂದ ದೂರ ಬೆಳೆದರು.

ಅವರು ಹೊರಗಿನವರು, ಮೊದಲು ಭಾಷೆ ಕಲಿಯಬೇಕಿತ್ತು. ತಾಂಡಾದ ಹುಡುಗ ಹುಡುಗಿಯರಿಗೆ ಆ ಕಷ್ಟ ಇಲ್ಲ. ಭಾಷೆ ಮನೆಯಲ್ಲಿದೆ, ಕನ್ನಡ ಅಕ್ಷರ ಫೋನಿನಲ್ಲಿದೆ. ಅಜ್ಜಿ ಹಾಡುವ ಹಾಡನ್ನು ಇವತ್ತೇ ಬರೆದಿಡಿ. ಅಜ್ಜಿ ಹೋದಮೇಲೆ ಕೇಳಲು ಯಾರೂ ಇರುವುದಿಲ್ಲ.